ಚಾವಣಿ ನೋಡುವ ದ್ರಾಕ್ಷಾಯಣಿ

ಹುಬ್ಬಳ್ಳಿಯಲ್ಲಿ ಪಾಶ್ಚಾತ್ಯ ವಾಸ್ತುಶಿಲ್ಪದ ಇತಿಹಾಸ ಓದುವ ದ್ರಾಕ್ಷಾಯಣಿಗೆ ಯಾವ ಸೂರಿನ ಕೆಳಗೂ ನೆಮ್ಮದಿಯಾಗಿ ಕೂತು ಗೊತ್ತಿಲ್ಲ. ರಜೆಗೆ ಮುಂಡಗೋಡದ ಕಡೆಯ ತನ್ನ ಹಳ್ಳಿಗೆ ಬಂದರೆ ಮೊದಲು ಗೋಡೆ ತಟ್ಟಿ ನೋಡುತ್ತಾಳೆ, ಆಮೇಲೆ ಅವ್ವನನ್ನು ಮಾತಾಡಿಸುತ್ತಾಳೆ. ಹಳಿಯಾಳದಲ್ಲಿ ಸೋದರತ್ತೆಯ ಮಗನ ಮದುವೆಗೆ ಹೋದಾಗ, ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಅವಳೊಬ್ಬಳು ಚಾವಣಿಯ ಬಿರುಕನ್ನೇ ದಿಟ್ಟಿಸುತ್ತಿದ್ದಳು. “ಒಂದ್ ಕಡೆ ಕುಂದ್ರವ್ವಾ, ಮಂದಿ ನೋಡಾಕತ್ತಾರ” ಎಂದು ಅವ್ವ ಶಾಂತಾದೇವಿ ಗದರಿದರೆ, “ಈ ಕಂಬ ತೆಳ್ಳಗೈತಿ, ಆ ಕಡೆ ಹೋಗೂಣು ಬಾ ಯವ್ವಾ” ಎಂದು ಕೈ ಹಿಡಿದೆಳೆದಳು. ತರಗತಿಯಲ್ಲೂ ಇದೇ ಚಡಪಡಿಕೆ. ಫ್ರಾನ್ಸಿನ ಬೋವೆ ಪಟ್ಟಣದಲ್ಲಿ ಅತಿ ಎತ್ತರಕ್ಕೆ ಕಟ್ಟಿದ ಚರ್ಚಿನ ಕಮಾನು ಚಾವಣಿ ಏಳುನೂರು ವರ್ಷಗಳ ಹಿಂದೆ ಕುಸಿದದ್ದನ್ನು ಪ್ರೊಫೆಸರು ವಿವರಿಸುವಾಗ ಎದ್ದು ನಿಂತು, “ಆವತ್ತ ಒಳಗ ಯಾರರ ಇದ್ರೇನ್ರಿ ಸರ್?” ಎಂದು ಕೇಳಿದಳಂತೆ. ಊರಿಗೆ ಬಂದ ಅವಳ ಗೆಳತಿಯರು ಇದನ್ನು ಹೇಳಿ ನಕ್ಕಾಗ ಶಾಂತಾದೇವಿ ನಗಲಿಲ್ಲ. ಮಗಳು ಮೂರನೇ ಇಯತ್ತೆಯಲ್ಲಿದ್ದಾಗ, ಒಂದು ಭಾನುವಾರ ಊರಿನ ಶಾಲೆಯ ಮಾಡು ಕುಸಿದಿತ್ತು. ಮರುದಿನ ತಾಯಿ ಮಗಳು ಹೋಗಿ ನೋಡಿದರೆ, ತೊಲೆ ಬಿದ್ದದ್ದು ಅವಳು ದಿನಾ ಕೂರುವ ಜಾಗದ ಮೇಲೆಯೇ. ಹುಡುಗಿ ಅಳಲಿಲ್ಲ. “ಇದು ಯಾಕ ಬಿತ್ರಿ?” ಎಂದು ನೆರೆದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತ ಹೋದಳು. ಎಲ್ಲರೂ ಅವಳ ತಲೆ ಸವರಿ ಮುಂದೆ ನಡೆದರು.