ಮಾರ್ತಾ ಬೈಸಿಕೊಂಡ ಬೆಳಗು

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ. ಕೆ.ಜಿ.ಎಫ್.ನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಅಧ್ಯಾಪಕಿ. ನಿವೃತ್ತಿ ಹತ್ತಿರವಿತ್ತು, ಮಂಡಿ ನೋವು ಅದಕ್ಕಿಂತ ಹತ್ತಿರವಿತ್ತು. ಅಂಥ ಹೊತ್ತಿನಲ್ಲಿ ಪ್ರಿನ್ಸಿಪಾಲರು, ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ, ಎಕ್ಸ್‌ಚೇಂಜ್ ವಿದ್ಯಾರ್ಥಿಗಳ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದರು. ಹೊರದೇಶದಿಂದ ಒಂದು ವರ್ಷ ಓದಲು ಬರುವವರನ್ನು ಸ್ಥಳೀಯರ ಮನೆಯೊಂದರಲ್ಲಿ ಇರಿಸಬೇಕು; ಅಂಥ ಮನೆಗೆ ‘ಹೋಸ್ಟ್ ಫ್ಯಾಮಿಲಿ’ ಎಂದು ಹೆಸರು. ಮನೆ ಹೊಂದಿಕೆಯಾಗದಿದ್ದರೆ ವಿದ್ಯಾರ್ಥಿ ವಾಪಸ್ಸು, ಅವರ ಆ ವರ್ಷ ನೀರುಪಾಲು.

ಮೊದಲು ಬಂದವಳು ಪೋಲೆಂಡಿನ ಮಾರ್ತಾ. ಅವಳನ್ನು ಬೇತಮಂಗಲದ ಪಕ್ಕದ ಹಳ್ಳಿಯ ಮುನಿರತ್ನಮ್ಮನ ಮನೆಯಲ್ಲಿ ಇಟ್ಟೆ. ಎರಡು ಹಸು, ಒಂದು ಕರು. ಗಂಡ ಬಂಗಾರಪೇಟೆಯಿಂದ ರೈಲು ಹಿಡಿದು ದಿನಾ ಬೆಂಗಳೂರಿನ ಕಾರ್ಖಾನೆಗೆ ಹೋಗಿಬರುವವರು. ಮಗಳು ಪಲ್ಲವಿ ನಮ್ಮದೇ ಕಾಲೇಜು. ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ.

ಕೆಲವೇ ದಿನಗಳಲ್ಲಿ ಮಾರ್ತಾ ಸ್ಟಾಫ್ ರೂಮಿಗೆ ಬಂದು ಅಳತೊಡಗಿದಳು. “ನಾನು ವಾಪಸ್ ಹೋಗುತ್ತೇನೆ. ಅವರಿಗೆ ನಾನೆಂದರೆ ಇಷ್ಟವಿಲ್ಲ.” ಕೇಳಿದರೆ, ಅವಳಿಗೆ ಮಾತ್ರ ಮುಂದಿನ ಕೋಣೆಯಲ್ಲಿ ಮೇಜು ಹಾಕಿ ಬ್ರೆಡ್, ಜಾಮ್, ಮೊಟ್ಟೆ ಕೊಡುತ್ತಾರಂತೆ. ಅವಳ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಅವರೆಲ್ಲ ನೆಲದ ಮೇಲೆ ಕೂತು ನಗುತ್ತಾ ಉಣ್ಣುತ್ತಾರಂತೆ. ತಟ್ಟೆ ತೊಳೆಯಲು ಎದ್ದರೆ ಕೈಯಿಂದ ಕಿತ್ತುಕೊಳ್ಳುತ್ತಾರೆ, ಕೊಟ್ಟಿಗೆಯ ಕಡೆ ಹೋದರೆ ಬೇಡ ಬೇಡ ಎಂದು ಕುರ್ಚಿಗೆ ಕರೆತರುತ್ತಾರೆ.

ಕ್ಲಾಸು ಮುಗಿಸಿ, ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡೇ ಬೇತಮಂಗಲಕ್ಕೆ ಹೋದೆ. ವಿಷಯ ಕೇಳಿ ಮುನಿರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಾವೇನ್ ಕಮ್ಮಿ ಮಾಡಿದ್ವಿ ಮೇಡಂ? ಆಂಡರ್ಸನ್‌ಪೇಟೆಯಿಂದ ದಿನಾ ಬ್ರೆಡ್ ತರಿಸ್ತೀನಿ. ದೇಶ ಬಿಟ್ಟು ಬಂದಿರೋ ಮಗೀಗೆ ನಮ್ ಮುದ್ದೆ ಇಕ್ಕಾಕಾಯ್ತದಾ? ಮನೆಗ್ ಬಂದೋರ ಕೈಲಿ ತಟ್ಟೆ ತೊಳ್ಸುದ್ರೆ ಊರೋರು ನನ್ ಮಕಕ್ಕೆ ಉಗೀತಾರೆ. ಈಗ ಆ ಉಡ್ಗಿ ಎದ್ದೋದ್ರೆ ನಾನೆಂಗ್ ತಲೆ ಎತ್ಕಂಡ್ ತಿರುಗ್ಲಿ?”

ಅವಳಿಗೂ ತಿಳಿಹೇಳಿದೆ, ಇವಳಿಗೂ ತಿಳಿಹೇಳಿದೆ. ಮಾರನೆಯ ದಿನದಿಂದ ಮಾರ್ತಾಳನ್ನೂ ನೆಲದ ಮೇಲೆ ಕೂರಿಸಿ ಮುದ್ದೆ, ಬಸ್ಸಾರು ಬಡಿಸಿದರು. ಆದರೆ ಮನೆಯವರೆಲ್ಲ ತಮ್ಮ ತಟ್ಟೆ ಬಿಟ್ಟು ಅವಳ ಬಾಯಿಯನ್ನೇ ನೋಡುತ್ತಾ ಕೂತರಂತೆ. ಯಾರೂ ನಗಲಿಲ್ಲ, ಯಾರೂ ಮಾತಾಡಲಿಲ್ಲ. ‘ಈಗ ನನ್ನಿಂದ ಅವರ ಊಟವೂ ಹಾಳಾಗುತ್ತಿದೆ’ ಎಂದು ಮಾರ್ತಾ ಫೋನ್ ಮಾಡಿದಳು. ನನಗೆ ಸಾಕುಸಾಕಾಗಿತ್ತು. ಮರ್ಯಾದೆಯನ್ನು ಕಮ್ಮಿ ಮಾಡಿ ಎಂದು ಜನರಿಗೆ ಹೇಗೆ ಕಲಿಸುವುದು? ಭಾನುವಾರ ಬಂದು ಕರೆದೊಯ್ಯುತ್ತೇನೆ, ಬ್ಯಾಗ್ ಕಟ್ಟಿಕೋ ಎಂದುಬಿಟ್ಟೆ.

ಭಾನುವಾರ ಬೆಳಗ್ಗೆ ಆಟೋ ಇಳಿಯುವಾಗಲೇ ಹಿತ್ತಲಿನಿಂದ ಮುನಿರತ್ನಮ್ಮನ ಗಂಟಲು ಕೇಳಿಸಿತು.

“ಏನ್ಲೇ, ಕಣ್ ಕಾಣ್ಸಲ್ವಾ ನಿಂಗೆ? ಕರು ಬಿಟ್ಬುಟ್ಟು ಗೊಂಬೆ ತರ ನಿಂತವ್ಳೆ! ಆಲೆಲ್ಲಾ ಕುಡ್ಕಂಬುಡ್ತು! ಡೈರಿಗೆ ಏನ್ ನಿಮ್ಮಪ್ಪ ಆಕ್ತಾನಾ? ಇಡ್ಕೊಳ್ಳೇ ಅದ್ನ!”

ಓಡಿಹೋಗಿ ನೋಡಿದೆ. ಹೊರಡುವ ಮುನ್ನ ಕರುವನ್ನೊಮ್ಮೆ ಮುದ್ದಿಸೋಣವೆಂದು ಹೋದ ಮಾರ್ತಾ ಹಗ್ಗ ಬಿಚ್ಚಿಬಿಟ್ಟಿದ್ದಳು. ಹಾಲು ಕರೆಯುವ ಮೊದಲೇ ಅದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತ್ತು. ಬೈಗುಳದ ಒಂದು ಪದವೂ ಅರ್ಥವಾಗದಿದ್ದರೂ ಮಾರ್ತಾ ಹಗ್ಗಕ್ಕೆ ಜೋತುಬಿದ್ದು, ಸಗಣಿಯಲ್ಲಿ ಜಾರಿ, ಎದ್ದು, ಕೊನೆಗೂ ಕರುವನ್ನು ಎಳೆದು ಗೂಟಕ್ಕೆ ಕಟ್ಟಿದಳು.

ಆಗ ಮುನಿರತ್ನಮ್ಮ ನನ್ನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. “ಅಯ್ಯೋ ಮೇಡಂ, ನಮ್ ಪಲ್ಲವಿಗ್ ಬೈಯೋ ತರ ಬೈದ್ಬುಟ್ಟೆ. ತಪ್ಪಾಯ್ತು ಅಂತ ಏಳಿ ಆ ಮಗೀಗೆ.”

ಹೇಳಿದೆ. ಮಾರ್ತಾ ಮೈಯ ಸಗಣಿ ಒರೆಸಿಕೊಳ್ಳುತ್ತಾ ಕೇಳಿದಳು: “ಪಲ್ಲವಿಗೂ ಹೀಗೇ ಕಿರುಚುತ್ತಾರಾ?”

ಬಾಗಿಲಲ್ಲಿ ನಿಂತಿದ್ದ ಪಲ್ಲವಿ, “ದಿನಾ!” ಎಂದಳು.

ಮಾರ್ತಾ ನಗತೊಡಗಿದಳು. ಆ ನಗು ನೋಡಿ ಪಲ್ಲವಿ ನಕ್ಕಳು. ಮುನಿರತ್ನಮ್ಮ ಇಬ್ಬರನ್ನೂ ಒಂದು ಗಳಿಗೆ ನೋಡಿ, ಖಾಲಿ ಕ್ಯಾನನ್ನು ಮಾರ್ತಾಳ ಕೈಗೆ ತುರುಕಿದಳು. “ನಕ್ಕಿದ್ದು ಸಾಕು. ಓಗು, ತೊಳ್ಕಂಡ್ ಬಾ.” ಕೈಸನ್ನೆ ನೋಡಿಯೇ ಅವಳಿಗೆ ಅರ್ಥವಾಯಿತು. ಅವಳು ನಲ್ಲಿಯ ಕಡೆ ನಡೆದಳು. ಕಟ್ಟಿಟ್ಟ ಬ್ಯಾಗನ್ನು ಪಲ್ಲವಿ ಒಳಗೆ ಎಳೆದುಕೊಂಡು ಹೋದಳು. ನಾನು ಅದೇ ಆಟೋದಲ್ಲಿ ಒಬ್ಬಳೇ ವಾಪಸಾದೆ. ಉರಿಗಾಂನ ನನ್ನ ಮನೆ ಸೇರಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಹಾಯಾಗಿ ಮಲಗಿದೆ.

ಮಾರ್ತಾ ವರ್ಷ ಪೂರ್ತಿ ಇದ್ದಳು. ಹೊರಟ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮುನಿರತ್ನಮ್ಮ ಅಳುತ್ತಲೇ ಬೈಯುತ್ತಿದ್ದಳು: ಬ್ಯಾಗಿನ ಜಿಪ್ ಸರಿಯಾಗಿ ಎಳೆದಿಲ್ಲ, ತಲೆ ಒಣಗಿಸಿಕೊಂಡಿಲ್ಲ. ಅಷ್ಟೊತ್ತಿಗೆ ಮಾರ್ತಾ, “ಆಯ್ತಮ್ಮ, ಬುಡಮ್ಮ” ಎಂದು ಎದುರು ಮಾತಾಡುವಷ್ಟು ಕಲಿತಿದ್ದಳು.

ಆಮೇಲೆ ನಾನು ಪ್ರತಿ ಹೋಸ್ಟ್ ಫ್ಯಾಮಿಲಿಗೂ ಹೇಳುತ್ತಿದ್ದುದು ಇಷ್ಟೇ: ಬಂದ ಮಗುವಿಗೆ ಮೊದಲ ವಾರವೇ ಒಂದು ಕೆಲಸ ಕೊಡಿ, ಕೆಡಿಸಿದರೆ ಬೈಯಿರಿ. ಯಾರಿಗಾದರೂ ಒಂದು ಊರು ತಮ್ಮದಾಗುವುದು ಅಲ್ಲಿಂದಲೇ ಎಂದು ಆ ಕೆಲಸ ನನಗೆ ಕಲಿಸಿತು.

ಈಗ ನಿವೃತ್ತಳಾಗಿದ್ದೇನೆ. ಬೇತಮಂಗಲದ ಕಡೆ ಹೋದಾಗಲೆಲ್ಲ ಮುನಿರತ್ನಮ್ಮನ ಮನೆಗೆ ಹೋಗುತ್ತೇನೆ. ಕುರ್ಚಿ ಒರೆಸಿ ಕೂರಿಸಿ, ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ, ಕಾಫಿ ಕೊಟ್ಟು, ಕುಡಿದ ಲೋಟವನ್ನು ಕೈಯಿಂದ ಕಿತ್ತುಕೊಳ್ಳುತ್ತಾಳೆ. ಇಷ್ಟು ವರ್ಷದಲ್ಲಿ ನನಗೆ ಒಂದು ಮಾತೂ ಬೈದಿಲ್ಲ.