ಕಿರುಬೆರಳಿನ ಪರೀಕ್ಷೆ

ನನ್ನ ಬೆರಳು ಸುಡುತ್ತಿದೆಯೆಂದು ನನಗೆ ತಿಳಿದದ್ದು ಮೂಗಿನಿಂದ. ಎಡಗೈಯ ಕಿರುಬೆರಳು ಅಗ್ಗಿಷ್ಟಿಕೆಯ ಅಂಚಿಗೆ ತಾಗಿ ಕೂತಿತ್ತು. ನಾನೋ, ಏನು ಸೀದು ಹೋಯಿತು ಎಂದು ಒಳಗಿದ್ದ ಹೆಂಡತಿಯನ್ನು ಗದರಿಸುತ್ತಿದ್ದೆ. ಪಟ್ಟಣದ ಕೋಟೆಯೊಳಗೆ ಕತ್ತಿಯ ಹಿಡಿಗೆ ಚಿನ್ನದ ಎಳೆ ಕೂರಿಸುವ ಅಕ್ಕಸಾಲಿಯ ಗತಿ ಇದು!

ಸ್ಪರ್ಶ ಸತ್ತ ಬೆರಳೆಂದರೆ ನಮ್ಮ ಜನ ಪಿಸುಮಾತಿನಲ್ಲಿ ಹೇಳುವುದು ಒಂದೇ ಹೆಸರು, ದೊಡ್ಡ ರೋಗ. ಕುಷ್ಠ ಎಂದು ಬಾಯಿಬಿಟ್ಟು ಅನ್ನುವವರಿಲ್ಲ. ಅದು ಬಂದವನಿಗೆ ಊರ ಹೊರಗೇ ವಾಸ. ಯಾರಿಗೂ ಹೇಳದೆ ಬೇರೆ ತಟ್ಟೆಯಲ್ಲಿ ಉಂಡೆ. ಮೊಮ್ಮಗಳು ಗೌರಿಯನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ. ಅವಳ ಕಿವಿ ಚುಚ್ಚಬೇಕಿತ್ತು. ಕೇರಿಯ ಮಕ್ಕಳಿಗೆಲ್ಲ ಚುಚ್ಚುವವನು, ಮನೆಯ ಮಗುವಿಗೆ ಮಾತ್ರ ಗ್ರಹಗತಿ ಸರಿಯಿಲ್ಲವೆಂದು ಮುಂದೂಡುತ್ತ ಬಂದೆ.

ಕೊನೆಗೆ ಸಂತೆಯ ನೆವ ಹೇಳಿ ಗಾಡಿ ಹತ್ತಿ, ಕಿಕ್ಕೇರಿಯ ನಾಟಿವೈದ್ಯರ ಮುಂದೆ ಕೂತೆ. ಅವರು ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಕೋಳಿಗರಿ ತಾಗಿದಾಗ ‘ಹೂಂ’ ಅನ್ನು ಎಂದರು. ಜೀವಮಾನವೆಲ್ಲ ಕಂಡವರ ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿದವನು ಈಗ ನಾನೇ ಒರೆಗೆ ಬಿದ್ದಿದ್ದೆ. ಭಯಕ್ಕೆ ಹೂಂ, ಹೂಂ ಎನ್ನುತ್ತಲೇ ಹೋದೆ.

“ಗರಿ ಇನ್ನೂವೆ ನನ್ ಕೈಲೇ ಅದೆ ಕಣ್ಲಾ ಆಚಾರೀ!” ಎಂದರು ವೈದ್ಯರು.

ಆಮೇಲೆ ಜಾಲಿಮುಳ್ಳು ಹಿಡಿದರು. ಕಿರುಬೆರಳಿಗೆ ಏನೂ ಗೊತ್ತಾಗಲಿಲ್ಲ. ಉಂಗುರದ ಬೆರಳಿನದು ಇನ್ನೂ ವಿಚಿತ್ರ. ಕಿರುಬೆರಳ ಕಡೆಯ ಅರ್ಧ ಮಲಗಿತ್ತು, ಆಚೆಯ ಅರ್ಧ ಎಚ್ಚರವಾಗಿತ್ತು. ಮೈಯೆಲ್ಲ ಹುಡುಕಿದರು, ಆ ರೋಗದ ಮಚ್ಚೆ ಎಲ್ಲೂ ಸಿಗಲಿಲ್ಲ. ಮೊಣಕೈಯ ಒಳಮೂಲೆಗೆ ಮೆಲ್ಲಗೆ ತಟ್ಟಿದರು ನೋಡಿ, ಕಿರುಬೆರಳ ತುದಿಯವರೆಗೂ ಜುಮ್ಮೆಂದಿತು.

“ಬೆಂಕಿ ಊದುವಾಗ ಈ ಮೊಣಕೈನ ಎಲ್ಲೂರ್ತೀಯ?”

“ಮಣೆ ಅಂಚ್ನಾಗೆ, ಸ್ವಾಮಿ.”

“ಅದೇ ಮತ್ತೆ! ಮೇಲ್ಗಡೆ ಬೆಳಗೊಳದ ತಾವ ಕಾಲ್ವೆ ಕಟ್ಕಂಡ್ರೆ ಕೊನೇ ಗದ್ದೆ ಒಣಗಕ್ಕಿಲ್ವಾ? ನರಾನೂ ಅಂಗೇಯ. ದೊಡ್ಡ ರೋಗ ಅಲ್ಲ ಕಣ್ಲಾ. ಊರೋದ್ನ ಬುಟ್ಬುಡು.”

ಮೀಸೆ ಹೊತ್ತ ಗಂಡಸು ಅಲ್ಲೇ ಅತ್ತುಬಿಟ್ಟೆ.

ನೋವು ಬೇಡಪ್ಪಾ ಎಂದು ಎಲ್ಲರೂ ದೇವರಿಗೆ ಕೈಮುಗಿಯುತ್ತಾರೆ. ಆ ದಿನ ಮುಳ್ಳಿನ ಮುಂದೆ ಕೂತು, ಒಂದಿಷ್ಟು ನೋಯಿಸು ಎಂದು ರಂಗನಾಥನಿಗೆ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು.

ಈಗ ಮೊಣಕೈಯಡಿಗೆ ಹೆಂಡತಿ ಹೊಲಿದ ಅರಳೆಯ ದಿಂಬಿದೆ. ಕಿರುಬೆರಳು ಇನ್ನೂ ಪೂರ್ತಿ ಎಚ್ಚೆತ್ತಿಲ್ಲ, ಆದರೆ ಕಿವಿ ಚುಚ್ಚುವುದಕ್ಕೆ ಅದರ ಹಂಗಿಲ್ಲ. ಮೊನ್ನೆ ಗೌರಿ ಸೋದರಮಾವನ ತೊಡೆಯ ಮೇಲೆ ಕೂತಳು. ಹೆಬ್ಬೆರಳು ತೋರುಬೆರಳ ನಡುವೆ ಅವಳ ಕಿವಿಯ ಹಾಲೆ ಹಿಡಿದೆ. ಬೆಚ್ಚಗೆ, ಮೆತ್ತಗೆ ಇತ್ತು. ತಂತಿ ಚುಚ್ಚಿದ್ದೇ ತಡ, ಕೋಟೆಯ ಫಿರಂಗಿಯೂ ಬೆದರುವಂತೆ ಕಿರುಚಿದಳು. ಸುತ್ತ ನಿಂತ ಹೆಂಗಸರೆಲ್ಲ ಅಯ್ಯೋ ಪಾಪ ಎಂದರು. ನನಗೋ ಕಣ್ಣು ತುಂಬಿ ನಗು ಬಂತು. ಸದ್ಯ, ಮಗುವಿಗೆ ಚೆನ್ನಾಗಿ ನೋಯುತ್ತಿದೆ.