ಟಗರಿನ ಹಲ್ಲು, ಸ್ಕಾಟ್ಲೆಂಡಿನ ಕೋಟೆ

ಭೈರವಾನಿತಿಪ್ಪದ ಚಂದ್ರಮೋಹನನ ಎದುರು ಬಾಯಿ ಮುಚ್ಚಿಕೊಂಡು ಹೋದ ಟಗರು ಮೂರು ಲೋಕದಲ್ಲೂ ಇಲ್ಲ. ಕುರಿ ಸಾಕುವ ಮನೆಯ ಈ ವೀರ, ಕಂಡ ಟಗರನ್ನೆಲ್ಲ ಹಿಡಿದು, ತುಟಿ ಸರಿಸಿ, ಹಲ್ಲು ನೋಡಿ, ವಯಸ್ಸು ಹೇಳಿಯೇ ಮುಂದೆ ಹೆಜ್ಜೆ ಇಡುವವನು. ಓದಲು ಸ್ಕಾಟ್ಲೆಂಡಿಗೆ ಹೋದರೂ ವ್ರತ ಕೆಡಲಿಲ್ಲ.

ಈಸ್ಟರ್ ರಜೆಯ ಕೊನೆಯ ದಿನ ಸಹಪಾಠಿ ಶಿವಲೀಲಾ ಅವನನ್ನೂ ಕರೆದುಕೊಂಡು ದ್ವೀಪದ ಕೋಟೆ ನೋಡಲು ಹೊರಟಳು. ರಾಯದುರ್ಗ ಪೇಟೆಯ ಈ ಹುಡುಗಿಗೆ ಆ ಕೋಟೆಯ ಮುಂದೆ ಫೋಟೊ ತೆಗೆಸಿಕೊಳ್ಳುವುದೇ ಇಡೀ ವರ್ಷದ ಕನಸು. ಬೋಟು ನಿಲ್ಲುವ ಕಟ್ಟೆಯ ಪಕ್ಕದಲ್ಲೇ, ಬೇಲಿಯೊಳಗೆ, ಒಂದು ಟಗರು ಮೇಯುತ್ತಿತ್ತು. ವೀರ ಬೇಲಿ ಹಾರಿದ.

“ಇವತ್ತಿನ ಕೊನೇ ಬೋಟದು, ಬಾರೋ ಯಪ್ಪಾ!” ಎಂದು ಶಿವಲೀಲಾ ಕೂಗಿದಳು.

“ತಡಿಯವ್ವಾ, ನಾಲ್ಕ್ ಹಲ್ಲಿಂದೋ ಆರ್ ಹಲ್ಲಿಂದೋ ನೋಡಿ ಬರ್ತೀನಿ.”

ಅಷ್ಟರಲ್ಲಿ ಟಗರಿನ ಯಜಮಾನ ಬಂದ. ಬೈಯುವ ಬದಲು ಹಿಗ್ಗಿಹೋಗಿ, ಉಳಿದ ಟಗರುಗಳ ಬಾಯಿಯನ್ನೂ ತೋರಿಸಲು ಅವನನ್ನು ಕುರಿದೊಡ್ಡಿಗೆ ಕರೆದೊಯ್ದ. ಇಬ್ಬರೂ ಹೊರಬರುವ ಹೊತ್ತಿಗೆ ಬೋಟು ನಡುನೀರು ಸೇರಿತ್ತು.

“ನನ್ನ ಕೋಟೆ ಹೋತಲ್ಲೋ! ಇನ್ನೆಲ್ಲಿ ನೋಡ್ಲಿ ಅಂಥಾದ್ದು?” ಅವನಿಗಾಗಿ ಕಟ್ಟೆಯಲ್ಲೇ ಉಳಿದಿದ್ದ ಶಿವಲೀಲಾ ಅಳುವುದೊಂದೇ ಬಾಕಿ.

ಚಂದ್ರಮೋಹನ ಕೈ ಒರೆಸಿಕೊಳ್ಳುತ್ತ ಹೇಳಿದ: “ರಾಯದುರ್ಗದ ಕೋಟೆ ನಿಮ್ಮ ಮನಿ ಹಿಂದಾ ಐತಲ್ಲ, ಅದನ್ನ ಒಂದಿನಾದ್ರೂ ಹತ್ತಿದ್ದೀಯೇನು?”